ತೊಂಬತ್ತೊಂದನೆಯ ರಟ್ಟು

ಆರನೆಯ ನಟ್ಟು ಮಿಸುಕಲಿಲ್ಲ.

ಉಳಿದ ಐದು ಆಗಲೇ ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆ ಕುಡಿಯುತ್ತಾ ಮಲಗಿದ್ದವು. ಇದೊಂದು ಮಾತ್ರ, ತವರಿನಿಂದ ಹೊರಡಲು ಒಲ್ಲೆನೆನ್ನುವ ಮದುಮಗಳ ಹಾಗೆ, ಎಂಜಿನ್ನಿನ ಮೈಯಿಂದ ಚಾಚಿದ ತಿರುಪುಕಡ್ಡಿ ಸ್ಟಡ್ಡನ್ನು ತಬ್ಬಿಕೊಂಡು ಕೂತಿತ್ತು. ಜವರಯ್ಯ ಬಲ ಹಾಕಲಿಲ್ಲ. ಬುಡಕ್ಕೆ ಇನ್ನೆರಡು ಹನಿ ಸೀಮೆಎಣ್ಣೆ ಬಿಟ್ಟು, ಹಚ್ಚದ ಬೀಡಿಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಕಾದ.

"ಸುತ್ಗೆ ತಕಂಡು ಒಂದು ಬುಡು ಜವರಣ್ಣ," ಎಂದ ಡ್ರೈವರ್ ಮಹದೇವಯ್ಯ, ಮಡ್‌ಗಾರ್ಡಿಗೆ ಒರಗಿಕೊಂಡು. "ಬಾಣಂತಿಗೆ ಎಣ್ಣೆ ಒತ್ದಂಗೆ ಒತ್ತಾ ಕೂತಿದ್ದೀಯಲ್ಲ."

"ಸುತ್ಗೇಲಿ ಒಡುದ್ರೆ ಸ್ಟಡ್ಡು ಮುರೀತದೆ. ಸ್ಟಡ್ಡು ಮುರುದ್ರೆ ನಿಮ್ಮ ಸಾಮ್ಯೋರು ನನ್ನ ಮುರೀತಾರೆ. ಸುಮ್ಕಿರು."

ಸ್ವಾಮಿಯವರು ಆಗಲೇ ಜವರಯ್ಯನ ಅರ್ಧ ಮನೆಯನ್ನು ಮುರಿದಿದ್ದರು. ಅವನ ಭಾವ, ಅಕ್ಕನ ಗಂಡ ಸುಬ್ಬಯ್ಯ, ಕೊಳ್ಳೇಗಾಲದ ಲಾಕಪ್ಪಿನಲ್ಲಿ ಕೂತು ಇವತ್ತಿಗೆ ನಾಲ್ಕು ದಿನ. ಸುಬ್ಬಯ್ಯನ ಮಗ್ಗದ ಮೇಲಿದ್ದ ಸೀರೆಗೆ ರಾಗಿತೆನೆ ಅಂಚು ಮೂಡಿಸುವ ರಟ್ಟಿನ ಕಟ್ಟು ಮಾಯವಾಗಿತ್ತು. ಅದು ತಮ್ಮದೆಂದೂ, ಸುಬ್ಬಯ್ಯ ಅದನ್ನು ಗಡಿಯಾಚೆ ಯಳಂದೂರಿನವರಿಗೆ ದಾಟಿಸಿಬಿಟ್ಟನೆಂದೂ ರೇಷ್ಮೆ ವರ್ತಕ ರುದ್ರಸ್ವಾಮಿಯವರು ಫಿರ್ಯಾದು ಕೊಟ್ಟಿದ್ದರು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರೆಂದರೆ ಮೈಸೂರು ಸೀಮೆ. ಕೊಳ್ಳೇಗಾಲದ ಪೊಲೀಸರು ಅಲ್ಲಿಗೆ ಕಾಲಿಡುವಂತಿಲ್ಲ. ರಟ್ಟು ಸಿಗದಿದ್ದರೆ ನಾಳೆ ಬೆಳಗಿನ ಬಸ್ಸಿಗೆ ಸುಬ್ಬಯ್ಯನಿಗೆ ಬೇಡಿ ತೊಡಿಸಿ ಕೊಯಮತ್ತೂರಿಗೆ ಕರೆದೊಯ್ಯುವುದು ಗೊತ್ತಾಗಿತ್ತು.

ಈಗ ಅದೇ ರುದ್ರಸ್ವಾಮಿಯವರ ಕರಿ ಕಾರು ಜವರಯ್ಯನ ಶೆಡ್ಡಿನಲ್ಲಿ ಬಾಯಿ ತೆರೆದು ನಿಂತಿತ್ತು. ಹನೂರಿನಲ್ಲಿ ಕೆಟ್ಟು ಕೂತಿದ್ದ ಅದನ್ನು ಜೋಡೆತ್ತು ಕಟ್ಟಿ ಎಳೆದು ತಂದಿದ್ದರು. ಮುನಿಸಿದ್ದರೂ ಬೇರೆ ದಾರಿಯಿರಲಿಲ್ಲ ಅವರಿಗೆ. ಇಂಥ ಎಂಜಿನ್ನು ಬಿಚ್ಚಿ ಮತ್ತೆ ಕೂರಿಸುವ ಕೈ ಕೊಳ್ಳೇಗಾಲದಲ್ಲಿ ಇದ್ದದ್ದು ಒಂದೇ.

ಸ್ಪ್ಯಾನರು ಹಾಕಿ ಒಂದು ಕೂದಲೆಳೆ ಹಿಂದೆ, ಒಂದು ಕೂದಲೆಳೆ ಮುಂದೆ ಆಡಿಸಿದ. ಕಿರ್ರೆಂದಿತು. ಆರನೆಯ ನಟ್ಟೂ ಡಬ್ಬಿಗೆ ಬಿತ್ತು.

ಪೆಟ್ರೋಲು ಪೈಪು, ಆಕ್ಸಿಲರೇಟರ್ ಕಂಬಿ, ಕಾರ್ಬೊರೇಟರು ಮೊದಲೇ ಕಳಚಿದ್ದಾಗಿತ್ತು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಇನ್ಲೆಟ್ ಮ್ಯಾನಿಫೋಲ್ಡನ್ನು ಎರಡೂ ಕೈಯಲ್ಲಿ ಹಿಡಿದು ಈಚೆಗೆಳೆದ. ಕವೆಗೋಲಿನಂತೆ ಎರಡಾಗಿ ಒಡೆದ ಕಬ್ಬಿಣದ ಕೊಳವೆ ಅದು. ಪೆಟ್ರೋಲು ಬೆರೆತ ಗಾಳಿಯನ್ನು ಎಂಜಿನ್ನಿನ ಹೊಟ್ಟೆಗೆ ಉಣಿಸುವುದು ಅದರ ಕೆಲಸ. ಕೊಳವೆಗೂ ಎಂಜಿನ್ನಿಗೂ ನಡುವೆ ತೆಳ್ಳನೆಯ ಗ್ಯಾಸ್ಕೆಟ್ ಇರಬೇಕು. ಅದು ಕೆಟ್ಟರೆ ಸಂದಿನಿಂದ ಕಳ್ಳಗಾಳಿ ನುಗ್ಗುತ್ತದೆ. ಎಂಜಿನ್ನು ಸಿಳ್ಳು ಹಾಕುತ್ತದೆ, ಕುಂಟುತ್ತದೆ, ಕೊನೆಗೆ ಮಲಗುತ್ತದೆ.

ಏನೂ ಒಳಗೆ ಬೀಳದಿರಲೆಂದು ತೆರೆದ ಎರಡು ಬಾಯಿಗೂ ಬಟ್ಟೆ ತುರುಕಿ, ಜವರಯ್ಯ ಗ್ಯಾಸ್ಕೆಟನ್ನು ಚಾಕುವಿನ ತುದಿಯಿಂದ ಎಬ್ಬಿಸಿದ.

ಅದು ಕಂಪನಿಯ ಗ್ಯಾಸ್ಕೆಟ್ ಆಗಿರಲಿಲ್ಲ. ದಪ್ಪ ರಟ್ಟನ್ನು ಯಾರೋ ಬಳೆಯಾಕಾರಕ್ಕೆ ಕತ್ತರಿಸಿ ಎರಡು ತುಂಡು ಮಾಡಿ ಕೂರಿಸಿದ್ದರು. ಮೇಲೆಲ್ಲ ಬಟ್ಟೆ ಸೋಪು ಮೆತ್ತಿತ್ತು. ಸೋಪನ್ನು ಉಗುರಿನಿಂದ ಕೆರೆದ. ಕೆಳಗೆ ತೂತುಗಳು, ದಾರ ಹಿಡಿದು ಇಟ್ಟಂತೆ ಸಾಲು ಸಾಲು, ಎಲ್ಲ ಒಂದೇ ಗಾತ್ರ.

ಮಗ್ಗ ಕಂಡವರಿಗೆ ಆ ತೂತು ಹೇಳಿಕೊಡಬೇಕಾಗಿಲ್ಲ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ಮಾಲೆಯಂತೆ ಸುತ್ತುವ ರಟ್ಟುಗಳಿವೆಯಲ್ಲ, ಅವುಗಳ ತೂತೇ ಸೀರೆಗೆ ಅಂಚನ್ನು ಬರೆಯುವುದು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದ ಕಡೆ ಕೂರುತ್ತದೆ.

ಎರಡನೆಯ ತುಂಡನ್ನು ಕೆರೆಯುವಾಗ ಅವನ ಕೈ ನಿಂತಿತು. ಒಂದು ತೂತಿನ ಮೇಲೆ, ಕಡಲೆಕಾಳಿನಷ್ಟಗಲ, ಕೆಂಪು ಕಾಗದದ ತೇಪೆ. ಪಕ್ಕದಲ್ಲಿ ಶಾಯಿಯ ಅಂಕಿ: ತೊಂಬತ್ತೊಂದು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಅಪ್ಪ ಬಸವಯ್ಯ ಚೌಕಳಿ ಕಾಗದದ ಮೇಲೆ ರಾಗಿತೆನೆ ಬರೆದಿದ್ದ. ಅಕ್ಕ ಚಿಕ್ಕತಾಯಮ್ಮ ಅದನ್ನು ನೋಡಿ "ತೂತು, ಬುಡು, ತೂತು, ತೂತು, ಬುಡು" ಎಂದು ಹಾಡಿನಂತೆ ಹೇಳಿಕೊಡುತ್ತಿದ್ದಳು. ಮೀಸೆ ಮೂಡುತ್ತಿದ್ದ ಜವರಯ್ಯ ಉಳಿಯಿಂದ ಹೊಡೆಯುತ್ತಿದ್ದ. ಬೀದಿಯಲ್ಲಿ ಮೋಟಾರು ಬಸ್ಸು ಹಾರನ್ ಒತ್ತಿತು. ಅವನ ಜೀವ ಅದರ ಹಿಂದೆ ಓಡಿತು, ಉಳಿ "ಬುಡು" ಎಂದಲ್ಲಿ ತೂತು ಹೊಡೆಯಿತು. ಅಪ್ಪ ನೋಡಿದರೆ ಚರ್ಮ ಸುಲಿಯುತ್ತಿದ್ದ. ಅಕ್ಕ ಕುಂಕುಮದ ಪೊಟ್ಟಣದ ಕೆಂಪು ಕಾಗದ ಹರಿದು, ಹುಣಸೆಬೀಜದ ಅಂಟು ಬಳಿದು, ತೇಪೆ ಹಾಕಿದಳು. ಅದು ಗೊತ್ತಿದ್ದದ್ದು ಈ ಲೋಕದಲ್ಲಿ ಇಬ್ಬರಿಗೆ.

ಕಳುವಾದ ಕಟ್ಟಿನ ರಟ್ಟು ಇದೇ. ಅನುಮಾನವೇ ಇಲ್ಲ.

"ಮಹದೇವಣ್ಣ," ಎಂದ, ದನಿ ಏರಿಸದೆ. "ಈ ಗ್ಯಾಸ್ಕೆಟ್ ಯಾರು ಕತ್ತರ್ಸಿದ್ದು?"

"ನಾನೇ ಕಣಪ್ಪ. ಓದ ಗುರುವಾರ. ಒತಾರೆ ಎದ್ದು ನಮ್ಮ ದೊಡ್ಡಬಸಮ್ಮನೋರು, ಸಾಮ್ಯೋರ ತಾಯಿ, ಊಗ್ಯಂಗೋಗಿ ಉಣ್ಸೆಹಣ್ಣು ತಕಬಾ ಅಂದ್ರು. ಸಾಮ್ಯೋರು ಇನ್ನೂ ಮಲ್ಗಿದ್ರು. ಅಮ್ಮೋರು ಅಂದ್ಮೇಲೆ ಮುಗೀತಲ್ಲ, ಕಾರು ತಕಂಡು ಒಂಟೆ. ಅನೂರ್ ದಾಟಿದ್ದೇ ತಡ, ಇದು ದೆವ್ವ ಮೆಟ್ಟುದಂಗೆ ಸಿಳ್ಳು ಆಕಕ್ಕೆ ಸುರು ಮಾಡ್ತು. ಬಿಚ್ಚುದ್ರೆ ಗ್ಯಾಸ್ಕೆಟ್ ಚಿಂದಿ. ರಟ್ಟು ಕತ್ತರ್ಸಿ, ಸೋಪು ಮೆತ್ತಿ, ಎಂಗೋ ಊಗ್ಯಂ ಮುಟ್ಟುಸ್ದೆ. ವಾಪಸ್ ಬರೋವಾಗ ಅನೂರಲ್ಲಿ ಮಲಗ್ಬುಡ್ತು."

"ರಟ್ಟು ಎಲ್ಲಿತ್ತು?"

ಮಹದೇವಯ್ಯ ಮುಖ ತಿರುಗಿಸಿದ. ಸೂರಿನ ತಗಡು ನೋಡಿದ, ಎತ್ತುಗಳನ್ನು ನೋಡಿದ.

"ಒಬ್ರು ಕೊಟ್ರು. ಮಾದಪ್ಪನ ಮೇಲೆ ಆಣೆ ಆಕ್ಸವ್ರೆ. ಯೆಸ್ರು ಯೋಳಕ್ಕಿಲ್ಲ, ತಲೆ ಓದ್ರೂ."

"ಯೆಸ್ರು ಬ್ಯಾಡ. ಎಲ್ಲಿ ಕಾರು ಅತ್ತುದ್ರು?"

"ಮಧುವನಳ್ಳೀಲಿ. ಬಸ್ಸು ತಪ್ಪಿ ನಡ್ಕಂಡೋಯ್ತಿದ್ರು. ಪಾಪ ಅನ್ಸ್ತು. ಸಾಮ್ಯೋರ್ಗೆ ಗೊತ್ತಾದ್ರೆ ನನ್ನ ಕೆಲ್ಸ ಓಯ್ತದೆ ಜವರಣ್ಣ, ಎಲ್ಲೂ ಅನ್ಬ್ಯಾಡ. ಅತ್ತೋವಾಗ ಕೈಲಿ ರೊಟ್ಟಿ ಬುಟ್ಟಿ ಒಂದೇ ಇತ್ತು. ಇಳಿಯೋವಾಗ ಗಂಟೊಂದು ಜಾಸ್ತಿ ಇತ್ತು. ಅದ್ಯಾಕೆ ಅಂತ ನಾನೂ ಕೇಳ್ನಿಲ್ಲ. ಅಂಥಾ ರೊಟ್ಟಿ ಕೊಟ್ಟೋರ್ನ ಏನಂತ ಕೇಳದು? ಉಚ್ಚೆಳ್ಳು ಚಟ್ನೀಗೆ ದೊಡ್ಡಪತ್ರೆ ಎಲೆ ಆಕವ್ರೆ ಕಣಣ್ಣ! ಎಲ್ಲಾರ ಉಂಟಾ? ಆದ್ರೂ ಅಂಗಿತ್ತು ಅಂದ್ರೆ..."

ಅವನು ಚಟ್ನಿಯ ನೆನಪಿನಲ್ಲಿ ಕಣ್ಣು ಮುಚ್ಚಿಕೊಂಡ.

ಜವರಯ್ಯನೂ ಕಣ್ಣು ಮುಚ್ಚಿದ, ಬೇರೆ ಕಾರಣಕ್ಕೆ. ಹುಚ್ಚೆಳ್ಳು ಚಟ್ನಿಗೆ ದೊಡ್ಡಪತ್ರೆ ಹಾಕುತ್ತಿದ್ದವಳು ಅವನಿಗೆ ತಿಳಿದಂತೆ ಅವನ ತಾಯಿ ಒಬ್ಬಳೇ. ಆಕೆ ತೀರಿಹೋಗಿ ಆರು ವರ್ಷ. ಆ ಕೈರುಚಿ ಈಗ ಉಳಿದಿರುವುದು ಒಂದೇ ಮನೆಯಲ್ಲಿ.

"ಲೇ ಜವರ! ಒತ್ತು ಮೀರ್ತಾ ಅದೆ, ಕೈ ತೊಳಿಯಕ್ಕೆ ಬರಕ್ಕಿಲ್ವಾ?"

ಬಾಗಿಲಲ್ಲಿ ಚಿಕ್ಕತಾಯಮ್ಮ ನಿಂತಿದ್ದಳು, ಸೊಂಟದ ಮೇಲೆ ರೊಟ್ಟಿ ಬುಟ್ಟಿ ಇಟ್ಟುಕೊಂಡು.

ಮಹದೇವಯ್ಯ ಚೇಳು ತುಳಿದವನಂತೆ ಎದ್ದ. "ಎತ್ತಿಗೆ ನೀರು ತೋರ್ಸಿ ಬತ್ತೀನಿ," ಎಂದು, ಆಗಷ್ಟೇ ನೀರು ಕುಡಿದು ಮೆಲುಕು ಹಾಕುತ್ತಿದ್ದ ಎತ್ತುಗಳನ್ನು ಬಿಚ್ಚಿ ಎಳೆದುಕೊಂಡು ಹೋದ.

ಅಕ್ಕನ ಮುಂದೆ ಹಸಿದ ಹೊಟ್ಟೆಯಲ್ಲಿ ಯಾವ ಮಾತೂ ನಡೆಯುತ್ತಿರಲಿಲ್ಲ. ಜವರಯ್ಯ ಕೂತ. ರೊಟ್ಟಿ ಮುರಿದ. ಚಟ್ನಿಯಲ್ಲಿ ದೊಡ್ಡಪತ್ರೆಯ ಘಾಟು ಘಮ್ಮೆಂದಿತು. ಎರಡು ರೊಟ್ಟಿ ಮುಗಿಯುವ ತನಕ ಅವಳು ಲಾಕಪ್ಪಿಗೆ ಊಟ ಕೊಟ್ಟು ಬಂದದ್ದನ್ನು ಹೇಳಿದಳು. ಭಾವ ಅರ್ಧ ರೊಟ್ಟಿ ಬಿಟ್ಟರಂತೆ. ಕಾವಲಿನ ಪೊಲೀಸಿನವನು ಅದನ್ನೂ ತಿಂದನಂತೆ.

ಮೂರನೆಯ ರೊಟ್ಟಿಯ ಹೊತ್ತಿಗೆ ಜವರಯ್ಯ ಆ ತುಂಡನ್ನು ಬುಟ್ಟಿಯ ಅಂಚಿನ ಮೇಲೆ ಇಟ್ಟ.

ಅವಳು ನೋಡಿದಳು. ಆಮೇಲೆ ಸೆರಗಿನಿಂದ ಸೋಪು ಒರೆಸಿ, ತೇಪೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಅಂಟು ಇನ್ನೂ ಬುಟ್ಟಿಲ್ವಲ್ಲೋ," ಎಂದಳು. ಆ ಸಂಕಟದಲ್ಲೂ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು.

"ಅಕ್ಕ, ಭಾವ ಒಳಗವ್ರೆ. ರಟ್ಟು ನಿನ್ನತ್ರ ಅದೆ. ನಾಕು ದಿನ ಅದೆಂಗೆ ಸುಮ್ಕಿದ್ದೆ?"

"ನನ್ನ ಕೇಳ್ಬ್ಯಾಡ ಕಣ್ಲಾ."

"ನಾನಲ್ದೆ ಇನ್ಯಾರು ಕೇಳ್ಬೇಕು? ಪೊಲೀಸ್ನೋರು ಕೇಳ್ಲಾ?"

ಅವಳ ಕಣ್ಣು ತುಂಬಿತು. ಸೊಂಟದಿಂದ ಮಡಚಿದ ಒಂದು ಟವೆಲ್ಲು ತೆಗೆದು ಅವನ ಮಡಿಲಿಗೆ ಎಸೆದಳು. ಹಳದಿ ಅಂಚಿನ ಬಿಳಿ ಟವೆಲ್ಲು. ಮದುವೆಯಾದ ವರ್ಷ ಅವಳೇ ಗಂಡನಿಗೆ ನೇಯ್ದು ಕೊಟ್ಟದ್ದು.

"ನಾನು ಗುರುವಾರ ಒತಾರೆನೇ ಮನೆ ಬುಟ್ಟೆ. ಊಗ್ಯಮ್ಮಲ್ಲಿ ನಮ್ಮ ನೆಂಟ್ರು ಪುಟ್ಟಮಲ್ಲಮ್ಮನ ಮಗಳು ಬಾಣಂತಿ ಅಲ್ವಾ, ನೋಡ್ಕಬರಣ ಅಂತ. ಕಾರ್ ಅತ್ತಿ ಕೂತ್ಕಂಡೆ. ಸೀಟ್ ಕೆಳಗೆ ಕಾಲ್ಗೆ ಏನೋ ತಾಕ್ತು. ಬಗ್ಗಿ ನೋಡ್ತೀನಿ, ಇವರ ಟವೆಲ್ಲು. ಬಿಚ್ಚಿ ನೋಡ್ತೀನಿ, ನಮ್ಮಪ್ಪನ ರಟ್ಟು. ಎದೆ ಒಡ್ದೋಯ್ತು ಕಣ್ಲಾ ಜವರ. ಸಾಮ್ಯೋರ ಕಾರು ಅಂದ್ರೆ ಗಡೀಲಿ ಯಾರೂ ತಡೆಯಕ್ಕಿಲ್ಲ. ಇವರೇ ಕದ್ದು ಇಟ್ಟು ಆಚೆಗೆ ಕಳುಸ್ತಾವ್ರೆ ಅನ್ಕಂಡೆ. ಮಡಿಲಿಗೆ ಆಕ್ಕಂಡು ಪುಟ್ಟಮಲ್ಲಮ್ಮನ ಅಟ್ಟದ ಮೇಲೆ ಬಚ್ಚಿಟ್ಟು ಬಂದೆ. ಇಲ್ಲಿ ಬಂದ್ರೆ ಇವರು ಲಾಕಪ್ಪಲ್ಲಿ. ಈಗ ರಟ್ಟು ತಂದು ತೋರುಸ್ಲಾ? ಯಾವುದ್ರಲ್ಲಿ ಕಟ್ಟಿತ್ತು ಅಂತಾರೆ. ಇವರ ಟವೆಲ್ಲಲ್ಲಿ ಅನ್ಲಾ?"

"ಭಾವನ್ನ ಕೇಳ್ನಿಲ್ವಾ?"

"ಅಕ್ಕಪಕ್ಕ ಪೊಲೀಸ್ನೋರಿದ್ರೆ ಏನಂತ ಕೇಳ್ಲಿ? ಕೇಳಿ, ಊ ಅಂದ್ಬುಟ್ರೆ?"

ಜವರಯ್ಯ ಟವೆಲ್ಲನ್ನು ತಿರುಗಿಸಿ ನೋಡಿದ. ಅದು ಸದಾ ಮಗ್ಗದ ಮೂಲೆಗೂಟಕ್ಕೆ ನೇತಾಡುತ್ತಿದ್ದ ಟವೆಲ್ಲು. ರಟ್ಟು ಕದಿಯಲು ಬಂದವನ ಕೈಗೆ ಸಿಗುತ್ತಿದ್ದ ಮೊದಲ ಬಟ್ಟೆಯೇ ಅದು.

"ಅಲ್ಲಕ್ಕ, ಕಾರು ಓಡ್ಸೋರಿಗೆ ನೂರ್ ಎಂಬತ್ತು ರಟ್ಟಲ್ಲಿ ಈ ತೊಂಬತ್ತೊಂದನ್ನೇ ಯಾಕೆ ಕೊಟ್ಟೆ?"

"ಇನ್ಯಾವುದ್ನ ಕೊಡ್ಲಿ? ಇದೊಂದು ನಂಗೆ ಬಾಯಲ್ಲೇ ಅದೆ. ಯಾವಾಗ ಬೇಕಾದ್ರೂ ಮತ್ತೆ ತೂತು ಒಡ್ಕಬೌದು," ಎಂದು ಮೂಗು ಒರೆಸಿಕೊಂಡಳು. "ನಿನ್ನ ತಪ್ಪು ಸಮೇತ."

ಅವನಿಗೆ ನಗು ಬಂತು. ಕೈ ತೊಳೆದು ಎದ್ದ.

"ಕೇಳು. ಗಂಟು ಇಟ್ಟೋರು ಮೂರು ಜನದಲ್ಲಿ ಒಬ್ರು. ಭಾವ, ಇಲ್ಲ ಮಹದೇವಣ್ಣ, ಇಲ್ಲ ಸಾಮ್ಯೋರು. ಮಹದೇವಣ್ಣ ನಾಕು ದಿನ ಈ ಕಾರಲ್ಲೇ ಮಲ್ಗವ್ನೆ. ಒಂದ್ಸಲ ಸೀಟ್ ಕೆಳಗೆ ನೋಡಿಲ್ಲ. ಸಾಮ್ಯೋರು ಬುಧವಾರದಿಂದ ಕಾರು ಕಂಡಿಲ್ಲ. ಫಿರ್ಯಾದಿ ಅಂತ ಇವತ್ತಿನ್ ಗಂಟ ಊರು ಬುಟ್ಟು ಕದಲಂಗಿರ್ನಿಲ್ಲ. ಆದ್ರೂ ಕಾರ್ ಎಲ್ಲಿ, ಕಾರ್ ಬಂತಾ ಅಂತ ದಿನಕ್ಕೆರಡು ಸಲ ಆಳು ಕಳುಸ್ತಿದ್ರಂತೆ. ಇಟ್ಟೋನು ಕಾರು ಅತ್ತುದ್ ತಕ್ಷಣ ಒಂದ್ಸಲ ಮುಟ್ಟಿ ನೋಡ್ದೆ ಇರಕ್ಕಿಲ್ಲ. ನೀನೇ ಕಣ್ಣಾರೆ ನೋಡುವಂತೆ."

ಹಳೆಯ ಟ್ಯೂಬೊಂದನ್ನು ರಟ್ಟಿನ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಭಾವನ ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿದ. ಹಿಂದಿನ ಸೀಟಿನ ಕೆಳಗೆ ತಳ್ಳಿದ.

ಆಮೇಲೆ ಮ್ಯಾನಿಫೋಲ್ಡಿನ ಮುಂದೆ ಕೂತವನಿಗೆ ಒಂದು ಯೋಚನೆ ಹೊಳೆಯಿತು. ತೂತಿನ ರಟ್ಟನ್ನು ಕೈಯಲ್ಲಿ ತೂಗಿದ.

"ಅಕ್ಕ, ಇದನ್ನೇ ವಾಪಸ್ ಆಕ್ಬುಡ್ಲಾ? ಯಳಂದೂರ್ ದಾರೀಲಿ ಮಾಂಬಳ್ಳಿನೂ ಮುಟ್ಟಕ್ಕಿಲ್ಲ ಸಾಮ್ಯೋರು."

"ಥೂ, ಕೆಲ್ಸ ಕೆಡುಸ್ಬ್ಯಾಡ!" ಎಂದಳು ಚಿಕ್ಕತಾಯಮ್ಮ. "ನೀನು ಮಗ್ಗ ಬುಟ್ಟೆ ಅಂತ ಅಪ್ಪ ಎಷ್ಟು ಬಯ್ತಿದ್ರೂ, ಅವನು ಆಕಿದ್ ನಟ್ಟು ಕದಲಕ್ಕಿಲ್ಲ ಅಂತ ಊರೆಲ್ಲ ಯೋಳ್ಕಂಡು ಬತ್ತಿದ್ರು. ಆ ಮಾತ್ನ ಸುಳ್ಳು ಮಾಡ್ತೀಯಾ?"

ರಟ್ಟಿನ ತುಂಡುಗಳು ಅವಳ ಮಡಿಲು ಸೇರಿದವು.

ಜವರಯ್ಯ ಹೊಸ ಗ್ಯಾಸ್ಕೆಟ್ ಶೀಟನ್ನು ಮ್ಯಾನಿಫೋಲ್ಡಿನ ಬಾಯಿಯ ಮೇಲಿಟ್ಟು, ಸುತ್ತಿಗೆಯ ಗುಂಡುತಲೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟಿದ. ಶೀಟು ತಾನೇ ಅಂಚಿನ ಗುರುತಿಗೆ ಕತ್ತರಿಸಿಕೊಂಡಿತು. ಎಂಜಿನ್ನಿನ ಮುಖದ ಮೇಲಿನ ಹಳೆ ಕರೆಯನ್ನು ಕಣ್ಣಿಗೆ ಕಾಣದಂತಾಗುವವರೆಗೆ ಕೆರೆದ. ತುರುಕಿದ್ದ ಬಟ್ಟೆ ಎರಡನ್ನೂ ಎಣಿಸಿ ತೆಗೆದ. ಒಂದು ಮರೆತರೆ ಎಂಜಿನ್ನು ನುಂಗಿಬಿಡುತ್ತದೆ. ಗ್ರೀಸು ಸವರಿ, ಗ್ಯಾಸ್ಕೆಟ್ ಕೂರಿಸಿ, ಕೊಳವೆ ಏರಿಸಿ, ಆರು ನಟ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿದ. ಆಮೇಲೆ ಸ್ಪ್ಯಾನರು: ನಡುವಿನವು ಮೊದಲು, ತುದಿಯವು ಆಮೇಲೆ, ಒಂದೊಂದಕ್ಕೆ ಕಾಲು ಸುತ್ತು, ಮತ್ತೆ ನಡುವಿನಿಂದ. ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಅಷ್ಟರಲ್ಲಿ ಎತ್ತು ಹಿಡಿದು ಬಂದ ಮಹದೇವಯ್ಯ ಕಾರ್ಬೊರೇಟರು ಕೂರಿಸಲು ಕೈಕೊಟ್ಟ, ಹ್ಯಾಂಡಲು ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿ, ಗುಂಗುಂ ಎಂದಿತು. ಜವರಯ್ಯ ಸಂದಿನುದ್ದಕ್ಕೂ ಎಣ್ಣೆ ಹನಿಸಿದ. ಒಂದು ಹನಿಯನ್ನೂ ಅದು ಒಳಗೆ ಹೀರಲಿಲ್ಲ.

ರುದ್ರಸ್ವಾಮಿಯವರು ನಡೆದೇ ಬಂದರು, ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಚಿಕ್ಕತಾಯಮ್ಮ ಬಿದಿರು ತಟ್ಟಿಯ ಹಿಂದೆ ಸರಿದಳು.

"ಮುಗೀತೇನಯ್ಯಾ ಜವರಯ್ಯ?"

"ಮುಗೀತು ಸಾಮಿ. ಒಸಾ ಗ್ಯಾಸ್ಕೆಟ್ಟು. ಎಂಜಿನ್ನು ಕಾದ್ಮೇಲೆ ನಟ್ಟು ಇನ್ನೊಂದು ಸುತ್ತು ಬಿಗೀಬೇಕು. ನಾನೂ ಜೊತೇಲಿ ಬತ್ತೀನಿ, ಒಂದೈದು ಮೈಲಿ."

"ನೀನು ಬೇಡ."

ಅಷ್ಟು ಹೇಳುವಾಗಲೇ ಅವರು ಹಿಂದಿನ ಬಾಗಿಲು ತೆಗೆದು ಕೂತಿದ್ದರು. ಶಲ್ಯ ಸರಿಮಾಡಿಕೊಳ್ಳುವವರಂತೆ ಬಗ್ಗಿದರು. ಬಲಗೈ ಸೀಟಿನ ಕೆಳಗೆ ಹೋಯಿತು. ಅಲ್ಲೇ ನಿಂತಿತು. ಬೆರಳುಗಳು ಗಂಟನ್ನು ಸವರಿದ್ದು ತೋಳಿನಲ್ಲಿ ಕಂಡಿತು. ರುದ್ರಸ್ವಾಮಿಯವರು ನೆಟ್ಟಗೆ ಕೂತಾಗ, ಐದು ದಿನದಿಂದ ಗಂಟಿಕ್ಕಿದ್ದ ಅವರ ಹುಬ್ಬು ಬಿಚ್ಚಿಕೊಂಡಿತ್ತು.

"ಯಳಂದೂರಿಗೆ ಬಿಡೋ ಮಹದೇವ," ಎಂದರು, ಹಗುರಾಗಿ.

ಕಾರು ಶೆಡ್ಡಿನಿಂದಿಳಿದು ಎಡಕ್ಕೆ ಹೊರಳಿತು. ತಟ್ಟಿಯ ಹಿಂದಿನಿಂದ ಬಂದ ಚಿಕ್ಕತಾಯಮ್ಮ ತಮ್ಮನ ಗ್ರೀಸಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವರಲ್ಲ," ಎಂದಳು. "ಇವರಲ್ಲ ಕಣ್ಲಾ ಜವರ. ನಾನು ಪಾಪಿ, ಕಟ್ಕಂಡ ಗಂಡನ ಮೇಲೇನೆ..." ಮುಂದಿನದು ಅಳುವೋ ನಗುವೋ ತಿಳಿಯಲಿಲ್ಲ. ಅವಳ ಮುಖ ಮದುವೆಯ ಹೊತ್ತಿನಷ್ಟು ಎಳೆಯದಾಗಿ ಕಂಡಿತು ಅವನಿಗೆ.

"ಎರಡ್ರ ಬಸ್ಸಿಗೆ ಊಗ್ಯಂಗೋಗಣ," ಎಂದ. "ರಟ್ಟು ತಕಬಂದು ಟೇಷನ್ನಲ್ಲಿ ಇಡಣ. ನೀನು ಬರೀ ಬುಟ್ಟಿ ಇಡ್ಕಂಡು ಅತ್ತುದ್ದು, ಗಂಟು ಇಡ್ಕಂಡು ಇಳಿದದ್ದು, ಎರಡಕ್ಕೂ ಮಹದೇವಣ್ಣನೇ ಸಾಕ್ಷಿ. ಬೆಳಿಗ್ಗೆ ಒತ್ಗೆ ಭಾವ ಮನೇಲಿರ್ತಾರೆ."

ಮಾತು ಮುಗಿಯುವ ಮೊದಲೇ ಅವನ ಕಿವಿ ನಿಮಿರಿತು. ಎಂಜಿನ್ನಿನ ಸದ್ದು ದೂರವಾಗುತ್ತಿರಲಿಲ್ಲ.

ರಸ್ತೆಯ ತಿರುವಿನಲ್ಲಿ, ಬೇವಿನ ಮರದ ಕೆಳಗೆ, ಕಾರು ನಿಂತಿತ್ತು. ಹಿಂದಿನ ಕಿಟಕಿಯಿಂದ ಏನೋ ಕಪ್ಪಗಿನದು ರಸ್ತೆಗೆ ಬಿತ್ತು. ಇನ್ನೊಂದು. ಮತ್ತೊಂದು. ಟ್ಯೂಬಿನ ತುಂಡುಗಳು. ಮಹದೇವಯ್ಯ ಹಿಂದಕ್ಕೆ ತಿರುಗಿ ಕೈಯಾಡಿಸುತ್ತಾ ಏನೋ ಹೇಳುವುದು ಕಂಡಿತು. ಇಷ್ಟು ದೂರಕ್ಕೆ ಮಾತು ಕೇಳಿಸಲಿಲ್ಲ. ಅವನು ಕೈ ಮುಗಿದದ್ದು ಮಾತ್ರ ಕಂಡಿತು.

ಕಾರು ಹಿಂದೆ ಸರಿದು ತಿರುಗಿತು.

ಯಳಂದೂರಿಗೆ ಬೆನ್ನು ಹಾಕಿ, ಶೆಡ್ಡಿನ ಮುಂದೆಯೇ ಧೂಳೆಬ್ಬಿಸಿಕೊಂಡು, ಮಧುವನಹಳ್ಳಿಯ ದಾರಿ ಹಿಡಿದು ಹೋಯಿತು. ಸ್ಟೇರಿಂಗಿನ ಹಿಂದೆ ಮಹದೇವಯ್ಯನ ಮುಖ ಸುಣ್ಣದಂತಿತ್ತು. ಅವನು ಇತ್ತ ತಿರುಗಲಿಲ್ಲ. ರುದ್ರಸ್ವಾಮಿಯವರು ತಿರುಗಿದರು. ಅವರ ಹೆಗಲ ಮೇಲೆ ಸುಬ್ಬಯ್ಯನ ಟವೆಲ್ಲು.

ಆ ದಾರಿಯ ಕೊನೆಗೆ ಹೂಗ್ಯಂ. ಅಲ್ಲಿ ಅಟ್ಟದ ಮೇಲೆ ನೂರ ಎಪ್ಪತ್ತೊಂಬತ್ತು ರಟ್ಟು. ಜವರಯ್ಯನಿಗಿದ್ದ ಒಬ್ಬನೇ ಸಾಕ್ಷಿ ಅದೇ ಕಾರನ್ನು ಓಡಿಸುತ್ತಿದ್ದ.

"ಪುಟ್ಟಮಲ್ಲಮ್ಮ ಒಬ್ಳೇ ಅವಳೆ ಕಣ್ಲಾ, ಬಾಣಂತಿ ಜೊತೇಲಿ," ಎಂದಳು ಚಿಕ್ಕತಾಯಮ್ಮ. ಅವನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. "ನಟ್ಟು ಇನ್ನೊಂದು ಸುತ್ತು ಬಿಗೀಬೇಕು ಅಂದ್ಯಲ್ಲ, ಬಿಗೀದೇನೇ ಓಯ್ತು. ದಾರೀಲಿ ನಿಂತೋಯ್ತದೆ ಅಲ್ವಾ? ಬಸ್ಸು ಇಡುದ್ರೆ ನಾವೇ ಮುಂದಾಗ್ಬೌದು ಅಲ್ವಾ?"

ಜವರಯ್ಯ ಕಿವಿಗೊಟ್ಟು ಕೇಳಿದ. ಧೂಳಿನಾಚೆಯಿಂದ ಎಂಜಿನ್ನು ಗುಂಗುಂ ಎನ್ನುತ್ತಿತ್ತು. ಒಂದು ಸಿಳ್ಳಿಲ್ಲ, ಒಂದು ಕುಂಟಿಲ್ಲ.

"ಬೇರೆ ಯಾರಾರ ನಟ್ಟು ಆಕಿದ್ರೆ ಅನೂರು ಮುಟ್ತಿರ್ನಿಲ್ಲ ಕಣಕ್ಕ," ಎಂದ. "ಆಕಿರೋನು ನಾನು."